ಶಿಕ್ಷಕರ ಸಂಘಕ್ಕೆ ಸೇರಬೇಕೆ? ಸಹಿ ಹಾಕುವ ಮುನ್ನ ನೋಡಬೇಕಾದದ್ದು

ಹೊಸದಾಗಿ ಕರ್ತವ್ಯಕ್ಕೆ ಹಾಜರಾದ ಶಿಕ್ಷಕರ ಮುಂದೆ ಮೊದಲ ತಿಂಗಳಲ್ಲೇ ಒಂದು ಕಟ್ಟು ಕಾಗದ ಬರುತ್ತದೆ. ಕೆಜಿಐಡಿ (ಸರ್ಕಾರಿ ವಿಮೆ) ಅರ್ಜಿ, ಎನ್‌ಪಿಎಸ್ (ಪಿಂಚಣಿ ಯೋಜನೆ) ಅರ್ಜಿ, ಬ್ಯಾಂಕ್ ಖಾತೆಯ ವಿವರ, ಇವುಗಳ ನಡುವೆ ಎಲ್ಲೋ ಸಂಘದ ಸದಸ್ಯತ್ವದ ನಮೂನೆ. "ಎಲ್ಲರೂ ಹಾಕ್ತಾರೆ, ನೀವೂ ಹಾಕ್ಬಿಡಿ ಮೇಡಂ" ಎಂಬ ಮಾತಿಗೆ ಸಹಿ ಬಿದ್ದುಹೋಗುತ್ತದೆ. ಕೆಜಿಐಡಿ, ಎನ್‌ಪಿಎಸ್ ಕಡ್ಡಾಯ. ಸಂಘ ನಿಮ್ಮ ಇಷ್ಟ. ಸೇರುವುದು ತಪ್ಪೆಂದು ಹೇಳುತ್ತಿಲ್ಲ. ಬಹಳಷ್ಟು ಸರ್ಕಾರಿ ಶಾಲಾ ಶಿಕ್ಷಕರಿಗೆ ಸೇರುವುದೇ ಲಾಭ. ಆದರೆ ಯಾವ ಸಂಘ, ಯಾವ ಕೆಲಸಕ್ಕೆ, ಅದರಿಂದ ಆಗದ ಕೆಲಸ ಯಾವುದು ಎಂಬುದು ಗೊತ್ತಿಲ್ಲದೆ ಸೇರಿದವರೇ ಮುಂದೆ ಹೆಚ್ಚು ನಷ್ಟಪಡುತ್ತಾರೆ. ಆ ನಷ್ಟ ಚಂದಾ ಹಣದ್ದಲ್ಲ, ಕೈತಪ್ಪಿದ ಗಡುವುಗಳದ್ದು.

ಮೊದಲು: ಯಾವುದು ಸಂಘ, ಯಾವುದು ಅಲ್ಲ

ಸಂಬಳದ ಚೀಟಿಯನ್ನು ಕೈಯಲ್ಲಿ ಹಿಡಿದು ಕಡಿತದ ಭಾಗ ನೋಡಿ. ಅಲ್ಲಿ ಬೇರೆಬೇರೆ ಸಂಸ್ಥೆಗಳ ಹಣ ಒಟ್ಟಿಗೆ ಕೂತಿರುತ್ತದೆ, ಜನ ಎಲ್ಲವನ್ನೂ "ಸಂಘದ ದುಡ್ಡು" ಎನ್ನುತ್ತಾರೆ.

ಶಿಕ್ಷಕರ ಪತ್ತಿನ ಸಹಕಾರ ಸಂಘ ಸಾಲ ಕೊಡುವ ಸಂಸ್ಥೆ. ಅದರ ಷೇರು, ಠೇವಣಿ, ಕಂತು ಬೇರೆ ಲೆಕ್ಕ. ನೌಕರರ ಸಂಘದಿಂದ ಹೊರಬಂದರೆ ಅದಕ್ಕೇನೂ ಆಗುವುದಿಲ್ಲ. ಶಿಕ್ಷಕರ ಕಲ್ಯಾಣ ನಿಧಿ ಇಲಾಖೆಯ ಕಡೆಯದು, ಅದರ ನೆರವಿಗೆ ಯಾವ ಸಂಘದ ಸದಸ್ಯತ್ವವೂ ಬೇಡ. ಸಾಮೂಹಿಕ ವಿಮೆ, ಕೆಜಿಐಡಿ ಸರ್ಕಾರದವು. ಇವನ್ನೆಲ್ಲ ಬದಿಗಿಟ್ಟರೆ ಉಳಿಯುವುದೇ ನಾವಿಲ್ಲಿ ಮಾತಾಡುತ್ತಿರುವ ಸೇವಾ ಸಂಘದ ಚಂದಾ.

ಇನ್ನೊಂದು ಗೊಂದಲ ಖಾಸಗಿ ಶಾಲೆಯವರದ್ದು. ಶುಲ್ಕ, ಆರ್‌ಟಿಇ ಬಾಕಿ, ಮಾನ್ಯತೆ ನವೀಕರಣದ ಬಗ್ಗೆ ಟಿವಿಯಲ್ಲಿ ಮಾತಾಡುವ "ಖಾಸಗಿ ಶಾಲೆಗಳ ಸಂಘ"ಗಳು ಆಡಳಿತ ಮಂಡಳಿಗಳ ಸಂಘಗಳು. ಅಲ್ಲಿ ಶಿಕ್ಷಕರ ಸಂಬಳದ ದೂರು ಹೇಳಿಕೊಳ್ಳಲು ಹೋಗುವುದೆಂದರೆ ಮಾಲೀಕರ ಮನೆಗೇ ಹೋದಂತೆ.

ನಿಮ್ಮ ವೃಂದಕ್ಕೆ ಹೊಂದುವ ಸಂಘ ಯಾವುದು

ಸರ್ಕಾರಿ ವ್ಯವಸ್ಥೆಯಲ್ಲಿ ಒಬ್ಬ ಶಿಕ್ಷಕರಿಗೆ ಒಂದಕ್ಕಿಂತ ಹೆಚ್ಚು ಸಂಘಗಳ ಬಾಗಿಲು ತೆರೆದಿರುತ್ತದೆ. ಎಲ್ಲ ಇಲಾಖೆಗಳಿಗೂ ಸೇರಿದ ಕರ್ನಾಟಕ ರಾಜ್ಯ ಸರ್ಕಾರಿ ನೌಕರರ ಸಂಘ ಒಂದು. ಪ್ರಾಥಮಿಕ ಶಾಲೆಯವರಿಗೆ ಕರ್ನಾಟಕ ರಾಜ್ಯ ಪ್ರಾಥಮಿಕ ಶಾಲಾ ಶಿಕ್ಷಕರ ಸಂಘ. ಪದವೀಧರ ಪ್ರಾಥಮಿಕ ಶಿಕ್ಷಕರು, ಪ್ರೌಢಶಾಲಾ ಸಹ ಶಿಕ್ಷಕರು, ದೈಹಿಕ ಶಿಕ್ಷಣ ಶಿಕ್ಷಕರು, ಮುಖ್ಯ ಶಿಕ್ಷಕರು, ಪಿಯು ಉಪನ್ಯಾಸಕರು, ಅತಿಥಿ ಶಿಕ್ಷಕರು ಹೀಗೆ ಒಂದೊಂದು ವೃಂದಕ್ಕೂ ಪ್ರತ್ಯೇಕ ಸಂಘಗಳಿವೆ. 2006ರ ಏಪ್ರಿಲ್ 1ರ ನಂತರ ಸೇವೆಗೆ ಬಂದವರ ಪಿಂಚಣಿ ಪ್ರಶ್ನೆಯೊಂದಕ್ಕಾಗಿಯೇ ಎನ್‌ಪಿಎಸ್ ನೌಕರರ ಸಂಘ ಹುಟ್ಟಿತು.

ಇಷ್ಟೊಂದು ಸಂಘಗಳಿರುವುದಕ್ಕೆ ನಾಯಕರ ಜಗಳವೊಂದೇ ಕಾರಣವಲ್ಲ. ವೃಂದಗಳ ಹಿತವೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. ಪಿಎಸ್‌ಟಿ (ಪ್ರಾಥಮಿಕ ಶಾಲಾ ಶಿಕ್ಷಕರು)–ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕರು) ವಿವಾದ ನೋಡಿ. ಒಂದರಿಂದ ಏಳನೇ ತರಗತಿಗೆಂದು ನೇಮಕವಾಗಿ ವರ್ಷಗಟ್ಟಲೆ ಆರು-ಏಳನೇ ತರಗತಿಗೂ ಪಾಠ ಮಾಡಿದ ಪದವೀಧರರು, 2017ರ ವೃಂದ ಮತ್ತು ನೇಮಕಾತಿ ನಿಯಮಗಳ ನಂತರ ಒಂದರಿಂದ ಐದನೇ ತರಗತಿಯ ಪಿಎಸ್‌ಟಿ ಗುಂಪಿಗೆ ಬಿದ್ದರು. ಅವರ ಬೇಡಿಕೆ, ಸೇವಾ ಜ್ಯೇಷ್ಠತೆಯೊಂದಿಗೆ ತಮ್ಮನ್ನು ಜಿಪಿಟಿ ಎಂದು ಪದನಾಮೀಕರಿಸಬೇಕು. ಸ್ಪರ್ಧಾತ್ಮಕ ಪರೀಕ್ಷೆ ಬರೆದು ನೇರವಾಗಿ ಜಿಪಿಟಿಯಾಗಿ ಬಂದವರಿಗೆ ಅದೇ ಬೇಡಿಕೆ ತಮ್ಮ ಜ್ಯೇಷ್ಠತೆಗೂ ಪ್ರೌಢಶಾಲೆಯ ಬಡ್ತಿಗೂ ಅಡ್ಡ ಬರುವಂಥದ್ದು. ಎರಡೂ ಕಡೆ ನ್ಯಾಯವಿದೆ. ಒಂದೇ ಸಂಘ ಎರಡನ್ನೂ ಒಂದೇ ಭಾರಕ್ಕೆ ಹೊರಲಾರದು.

ಆದ್ದರಿಂದ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ನೇಮಕಾತಿ ಆದೇಶದಲ್ಲಿರುವ ನಿಮ್ಮ ವೃಂದ; ಮುಂದಿನ ಐದು ವರ್ಷದಲ್ಲಿ ನಿಮಗೆ ಬರಬಹುದಾದ ದೊಡ್ಡ ಪ್ರಶ್ನೆ (ವರ್ಗಾವಣೆ, ಬಡ್ತಿ, ಪಿಂಚಣಿ, ಖಾಯಂಪೂರ್ವ ಸೇವಾವಧಿ ಅಂದರೆ ಪ್ರೊಬೇಷನ್ ಮುಗಿದ ಘೋಷಣೆ); ಆ ಪ್ರಶ್ನೆಯಲ್ಲಿ ನಿಮ್ಮ ಎದುರು ಪಕ್ಷ ಯಾರು. ನಂತರ ಸಂಘ ಕಳೆದ ಎರಡು-ಮೂರು ವರ್ಷ ಸಚಿವರಿಗೆ, ಆಯುಕ್ತರಿಗೆ ಕೊಟ್ಟ ಮನವಿಪತ್ರಗಳನ್ನು ಓದಿ. ಅವುಗಳ ಪ್ರತಿ ವಾಟ್ಸ್‌ಆಪ್ ಗುಂಪುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಹದಿನೈದು ಬೇಡಿಕೆಗಳ ಪಟ್ಟಿಯಲ್ಲಿ ನಿಮ್ಮ ಪ್ರಶ್ನೆ ಎಷ್ಟನೆಯದು? ಹದಿಮೂರನೆಯದಾದರೆ, ಅದು ಮಾತುಕತೆಯ ಮೇಜಿಗೆ ಬರುವ ಹೊತ್ತಿಗೆ ಚಹಾ ಮುಗಿದಿರುತ್ತದೆ.

ಸೇರದಿದ್ದರೆ ಏನು ತಪ್ಪುತ್ತದೆ, ಏನು ತಪ್ಪುವುದಿಲ್ಲ

ವೇತನ ಪರಿಷ್ಕರಣೆ, ತುಟ್ಟಿಭತ್ಯೆ ತಪ್ಪುವುದಿಲ್ಲ. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರ ಸಂಘ ಮುಷ್ಕರಕ್ಕೆ ಕರೆ ಕೊಟ್ಟಾಗ ಸರ್ಕಾರ ಅಂದೇ ಶೇ. 17ರ ಮಧ್ಯಂತರ ಪರಿಹಾರ ಘೋಷಿಸಿತು. 7ನೇ ವೇತನ ಆಯೋಗದ ಶಿಫಾರಸಿನಂತೆ ಶೇ. 27.5ರ ಫಿಟ್‌ಮೆಂಟ್ (ಹೊಸ ವೇತನ ನಿಗದಿಯ ಹೆಚ್ಚಳ) 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಚಂದಾ ಕೊಟ್ಟವರಿಗೂ ಕೊಡದವರಿಗೂ ಒಂದೇ ದರ. "ಸೇರದಿದ್ದರೆ ನಿಮಗೆ ಸಿಗಲ್ಲ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಆದರೆ ಎಲ್ಲರೂ ಹಾಗೆ ಯೋಚಿಸಿ ಹೊರಗುಳಿದರೆ ಆ ಮಾತುಕತೆಗೆ ಕೂರುವವರೇ ಇರುವುದಿಲ್ಲ ಎಂಬುದೂ ಅಷ್ಟೇ ನಿಜ. ಈ ಕಾರಣವೊಂದಕ್ಕೇ ಚಂದಾ ಕೊಡುವವರಿದ್ದಾರೆ. ಅದು ಗೌರವಿಸಬೇಕಾದ ಕಾರಣ.

ತಪ್ಪುವುದು ಕಡತದ ಬೆನ್ನು ಹತ್ತುವ ಜನ. ಕಾಲಮಿತಿ ವೇತನ ಬಡ್ತಿ ಮಂಜೂರಾಗದೆ ಉಳಿದದ್ದು, ಸೇವಾ ಪುಸ್ತಕದಲ್ಲಿ ರಜೆ ನಮೂದಾಗದಿರುವುದು, ಹೆರಿಗೆ ರಜೆಯ ಅವಧಿಯ ಸಂಬಳ ತಡೆಯಾದದ್ದು, ವೈದ್ಯಕೀಯ ಮರುಪಾವತಿ ಬಿಲ್ಲು ಮೂರು ಸಲ ಹಿಂದಿರುಗಿದ್ದು, ಇವೇ ದಿನನಿತ್ಯದ ತೊಂದರೆಗಳು. ಶಾಲೆಯ ವೇಳೆಯಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ವಿಷಯ ನಿರ್ವಾಹಕರ ಮೇಜಿನ ಮುಂದೆ ನಿಲ್ಲಲು ಸಹ ಶಿಕ್ಷಕರಿಗೆ ಆಗುವುದಿಲ್ಲ. ತಾಲ್ಲೂಕು ಘಟಕದ ಒಳ್ಳೆಯ ಕಾರ್ಯದರ್ಶಿಯೊಬ್ಬರು ಹತ್ತು ಶಾಲೆಯ ಹತ್ತು ಕಡತಗಳನ್ನು ಒಂದೇ ಮಧ್ಯಾಹ್ನ ಮುಗಿಸಿಕೊಂಡು ಬರುತ್ತಾರೆ. ಸಂಘದ ನಿಜವಾದ ಬೆಲೆ ರಾಜ್ಯಾಧ್ಯಕ್ಷರ ಭಾಷಣಕ್ಕಿಂತ ತಾಲ್ಲೂಕು ಕಾರ್ಯದರ್ಶಿಯ ಕಾಲ್ನಡಿಗೆಯಲ್ಲಿದೆ. ಹಾಗಾಗಿ ರಾಜ್ಯ ಸಂಘದ ಹೆಸರು ನೋಡಿ ಅಲ್ಲ, ತಾಲ್ಲೂಕು ಘಟಕ ನೋಡಿ ನಿರ್ಧರಿಸಿ.

ತಾಲ್ಲೂಕು ಘಟಕವನ್ನು ಪರೀಕ್ಷಿಸುವ ಬಗೆ

ನಿಮ್ಮ ಕ್ಲಸ್ಟರಿನಲ್ಲಿ ಮೂರು ಜನರನ್ನು ಹುಡುಕಿ: ಕಳೆದ ವರ್ಷ ಏನಾದರೂ ಕೆಲಸಕ್ಕೆ ಸಂಘಕ್ಕೆ ಹೋದವರೊಬ್ಬರು, ಪದಾಧಿಕಾರಿಗಳಿಗೆ ನೆಂಟರೂ ಅಲ್ಲದ ಸ್ನೇಹಿತರೂ ಅಲ್ಲದ ಶಿಕ್ಷಕಿಯೊಬ್ಬರು, ಇತ್ತೀಚೆಗೆ ನಿವೃತ್ತರಾದವರೊಬ್ಬರು. ಮೂವರಿಗೂ ಒಂದೇ ಪ್ರಶ್ನೆ: ಕೆಲಸ ಆಯಿತೆ, ಎಷ್ಟು ದಿನ ಹಿಡಿಯಿತು, ಚಂದಾದ ಹೊರತು ಇನ್ನೇನಾದರೂ ಕೊಡಬೇಕಾಯಿತೆ? ಕೊನೆಯ ಪ್ರಶ್ನೆಗೆ ಬರುವ ಮೌನವನ್ನೂ ಉತ್ತರವೆಂದೇ ತಿಳಿಯಿರಿ. "ಕಚೇರಿಯವರಿಗೆ ಕೊಡಬೇಕು" ಎಂದು ಪದಾಧಿಕಾರಿಯೇ ಹಣ ಕೇಳುತ್ತಾರೆಂದರೆ ಅದು ಸಂಘದ ಕೆಲಸವಲ್ಲ, ದಲ್ಲಾಳಿ ಕೆಲಸ. ಅಂಥ ಘಟಕದಲ್ಲಿ ನಿಮ್ಮ ಸದಸ್ಯತ್ವಕ್ಕೆ ಬೆಲೆಯಿಲ್ಲ.

ಪದಾಧಿಕಾರಿಗಳ ಪಟ್ಟಿಯಲ್ಲಿ ಮಹಿಳೆಯರು ಎಲ್ಲಿದ್ದಾರೆ ನೋಡಿ. ಉಪಾಧ್ಯಕ್ಷೆ, ಸಹಕಾರ್ಯದರ್ಶಿ ಎಂಬ ಹುದ್ದೆಗಳಲ್ಲಿ ಹೆಸರಿದ್ದರೆ ಸಾಲದು. ಖಜಾಂಚಿ ಅಥವಾ ಪ್ರಧಾನ ಕಾರ್ಯದರ್ಶಿ ಯಾರು, ಸಭೆಗಳು ಎಷ್ಟು ಹೊತ್ತಿಗೆ ನಡೆಯುತ್ತವೆ ಎಂದು ಕೇಳಿ. ಸಂಜೆ ಏಳಕ್ಕೆ ಊರಾಚೆಯ ಹೋಟೆಲಿನಲ್ಲಿ ಸೇರುವ ಕಾರ್ಯಕಾರಿ ಸಮಿತಿಗೆ ಹೆರಿಗೆ ರಜೆಯ ಕಡತ ತುರ್ತಾಗಿ ಕಾಣುವುದು ಕಷ್ಟ.

ನೋಂದಣಿ, ಮಾನ್ಯತೆ, ಲೆಕ್ಕ

ನೋಂದಣಿಯೇ ಬೇರೆ, ಸರ್ಕಾರದ ಮಾನ್ಯತೆಯೇ ಬೇರೆ. ರಾಜ್ಯದ ಹೆಚ್ಚಿನ ಶಿಕ್ಷಕರ ಸಂಘಗಳು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಕೆಳಗೆ ನೋಂದಣಿಯಾದವು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಲೆಟರ್‌ಹೆಡ್ಡಿನ ಮೇಲಿನ "(ರಿ)" ಅದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ಮಾನ್ಯತೆಯೆಂದರೆ ಸರ್ಕಾರ ಆ ಸಂಘವನ್ನು ಮಾತುಕತೆಗೆ ಒಪ್ಪಿಕೊಂಡಿದೆ ಎಂದು. ಅದಕ್ಕೆ ಪ್ರತ್ಯೇಕ ಆದೇಶ ಇರಬೇಕು. ಆದೇಶದ ಸಂಖ್ಯೆ, ದಿನಾಂಕ ಕೇಳಿ.

ಹಾಗೆಂದು ಮಾನ್ಯತೆಯಿಲ್ಲದ ಸಂಘಕ್ಕೆ ಸೇರಿದ ಮಾತ್ರಕ್ಕೆ ಶಿಸ್ತುಕ್ರಮ ಎಂಬ ಭಯ ಬೇಡ. ಸಂಘ ಕಟ್ಟುವ ಹಕ್ಕು ಸಂವಿಧಾನದ 19(1)(ಸಿ) ವಿಧಿಯದು. ಮಾನ್ಯತೆಯಿಲ್ಲದ ಸೇವಾ ಸಂಘಕ್ಕೆ ಸರ್ಕಾರಿ ನೌಕರ ಸೇರಬಾರದೆಂಬ ಕೇಂದ್ರ ನಿಯಮವನ್ನು ಸುಪ್ರೀಂ ಕೋರ್ಟ್ ಒ.ಕೆ. ಘೋಷ್ ಪ್ರಕರಣದಲ್ಲಿ ರದ್ದುಗೊಳಿಸಿದೆ. ದೇಶದ ಸಾರ್ವಭೌಮತೆಗೋ ಸಾರ್ವಜನಿಕ ಸುವ್ಯವಸ್ಥೆಗೋ ಧಕ್ಕೆ ತರುವ ಸಂಘಟನೆ, ರಾಜಕೀಯ ಪಕ್ಷ, ಇವು ಮಾತ್ರ ನಿಷಿದ್ಧ.

ಲೆಕ್ಕ ನೋಡುವುದು ಹೇಗೆ? 1960ರ ನೋಂದಣಿ ಕಾಯ್ದೆಯ ಪ್ರಕಾರ ಸಂಘ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಜಿಲ್ಲೆಯಲ್ಲಿ ಈ ಕೆಲಸ ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿಯದ್ದು. ಮೊದಲು ಸಂಘವನ್ನೇ ಕೇಳಿ: ಬೈಲಾ, ಕಳೆದ ಮೂರು ವರ್ಷದ ಲೆಕ್ಕಪರಿಶೋಧನಾ ವರದಿ. "ಸೇರಿದ ಮೇಲೆ ಕೊಡ್ತೀವಿ" ಅಂದರೆ ಉಪನಿಬಂಧಕರ ಕಚೇರಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಸಂಘ ಅಲ್ಲಿ ಸಲ್ಲಿಸಿರುವ ಕಾಗದ ಕಚೇರಿಯ ದಾಖಲೆ. 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳ ಒಳಗೆ ಇರಬೇಕೆಂಬ ನಿಯಮವಿದೆ. ಬೈಲಾ ಮತ್ತು ಲೆಕ್ಕಕ್ಕೆ ಎರಡು ಪ್ರತ್ಯೇಕ ಅರ್ಜಿ ಹಾಕುವುದು ಕ್ಷೇಮ. ವರ್ಷಗಟ್ಟಲೆ ಲೆಕ್ಕವೇ ಸಲ್ಲಿಸಿಲ್ಲ ಎಂಬ ಉತ್ತರ ಬಂದರೆ, ಅದೇ ನಿಮಗೆ ಬೇಕಾಗಿದ್ದ ಮಾಹಿತಿ.

ಲೆಕ್ಕ ಕೈಗೆ ಬಂದಾಗ ಆದಾಯದ ಕಡೆ ಚಂದಾ, ವಂತಿಗೆ, ಗುರುಭವನದ ಬಾಡಿಗೆ, ಬಡ್ಡಿ ಇವು ಬೇರೆಬೇರೆಯಾಗಿ ಕಾಣಬೇಕು. ಸದಸ್ಯರ ಸಂಖ್ಯೆಯನ್ನು ಚಂದಾದಿಂದ ಗುಣಿಸಿ ನೋಡಿ. ಉದಾಹರಣೆಗೆ ತಾಲ್ಲೂಕಿನಲ್ಲಿ 900 ಸದಸ್ಯರು, ತಲೆಗೆ 200 ರೂಪಾಯಿ ಎಂದಿಟ್ಟುಕೊಂಡರೆ 1,80,000 ಆಗಬೇಕು. ಅದರಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕಿಗೆ ಪಾಲು ಹೇಗೆ ಎಂಬುದು ಬೈಲಾದಲ್ಲಿರುತ್ತದೆ. ಲೆಕ್ಕಕ್ಕೂ ಗುಣಾಕಾರಕ್ಕೂ ದೊಡ್ಡ ಅಂತರವಿದ್ದರೆ ಸದಸ್ಯರ ಪಟ್ಟಿ ಉಬ್ಬಿಸಿದ್ದಾರೆ, ಇಲ್ಲವೆ ಹಣ ಬೇರೆ ಖಾತೆಯಲ್ಲಿದೆ. ಖರ್ಚಿನ ಕಡೆ ಎರಡೇ ಸಾಲು ಹೋಲಿಸಿದರೂ ಸಾಕು: ಹಾರ-ತುರಾಯಿ, ಸನ್ಮಾನ, ಸಮ್ಮೇಳನದ ಊಟಕ್ಕೆ ಎಷ್ಟು, ವಕೀಲರ ಶುಲ್ಕ, ಕಚೇರಿ ನಿರ್ವಹಣೆಗೆ ಎಷ್ಟು. ಮೊದಲನೆಯದು ಎರಡನೆಯದರ ಹತ್ತು ಪಟ್ಟು ಇರುವ ಸಂಘಗಳಿಗೆ ಸೇರುವುದು ಬೇಡವೆಂದಲ್ಲ, ಅಲ್ಲಿ ಕಾನೂನು ನೆರವು ನಿರೀಕ್ಷಿಸಬೇಡಿ.

ಬೈಲಾದಲ್ಲಿ ಓದಲೇಬೇಕಾದವು: ಯಾರಿಗೆ ಮತದಾನದ ಹಕ್ಕು ಮತ್ತು ಸದಸ್ಯರಾಗಿ ಎಷ್ಟು ದಿನಕ್ಕೆ, ಚುನಾವಣೆ ಎಷ್ಟು ವರ್ಷಕ್ಕೊಮ್ಮೆ, ವಿಶೇಷ ವಂತಿಗೆ ಹಾಕಲು ಯಾರ ಒಪ್ಪಿಗೆ ಬೇಕು, ಸದಸ್ಯತ್ವ ಬಿಡುವುದು ಹೇಗೆ. ಅವಧಿ ಮುಗಿದರೂ ಚುನಾವಣೆ ಮುಂದೂಡುತ್ತಲೇ ಹೋಗುವುದು ನಮ್ಮ ಸಂಘಗಳ ಹಳೆಯ ಕಾಯಿಲೆ. ಅವ್ಯವಹಾರದ ಶಂಕೆ ಬಲವಾಗಿದ್ದರೆ ನೋಂದಣಿ ಕಾಯ್ದೆಯ 25ನೇ ಪ್ರಕರಣದ ಕೆಳಗೆ ಮೂರನೇ ಒಂದರಷ್ಟು ಸದಸ್ಯರು ಸಹಿ ಹಾಕಿ ನೋಂದಣಾಧಿಕಾರಿಯಿಂದ ವಿಚಾರಣೆ ಕೋರಬಹುದು. ಅಧಿಕಾರಿ ತಾನಾಗಿಯೂ ನಡೆಸಬಹುದು. ದೊಡ್ಡ ಸಂಘದಲ್ಲಿ ಮೂರನೇ ಒಂದರಷ್ಟು ಸಹಿ ಸಂಗ್ರಹಿಸುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ.

ಹೋರಾಟಕ್ಕೆ ಕರೆ ಬಂದಾಗ

ಸದಸ್ಯರಾದ ಮೇಲೆ ಮುಷ್ಕರಕ್ಕೆ ಹೋಗಲೇಬೇಕೆ ಎಂಬುದು ಹೊಸಬರ ಮೊದಲ ಆತಂಕ. ಕಾನೂನು ಹೀಗಿದೆ: ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲಿ ತಮಿಳುನಾಡು ನೌಕರರ ಪ್ರಕರಣದಲ್ಲಿ ಹೇಳಿದೆ. ಶಾಂತಿಯುತ ಪ್ರದರ್ಶನದ ಮಾತು ಬೇರೆ. ಅದನ್ನು ಸಾರಾಸಗಟಾಗಿ ನಿಷೇಧಿಸುವಂತಿಲ್ಲವೆಂದು 1962ರ ಕಾಮೇಶ್ವರ ಪ್ರಸಾದ್ ತೀರ್ಪಿದೆ. ಹೀಗಾಗಿ ಭಾನುವಾರದ ಸಮಾವೇಶ, ಶಾಲೆ ಬಿಟ್ಟ ಮೇಲೆ ತಹಶೀಲ್ದಾರರಿಗೆ ಮನವಿ, ಕಪ್ಪುಪಟ್ಟಿ ಧರಿಸಿ ಪಾಠ ಮಾಡುವುದು ಇವೆಲ್ಲ ಕಡಿಮೆ ಅಪಾಯದವು. ಶಾಲೆಯ ದಿನ ತರಗತಿ ಬಿಟ್ಟು ಹೋಗುವುದು ಮುಷ್ಕರವೇ. "ಎಲ್ಲರೂ ಸಿಎಲ್ ಹಾಕಿ ಹೋಗೋಣ" ಎಂಬುದೂ ಅದರದ್ದೇ ಇನ್ನೊಂದು ರೂಪ. ಸಾಮೂಹಿಕವಾಗಿ ಹಾಕಿದ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಬಾರದೆಂದು ಸುತ್ತೋಲೆ ಬಂದರೆ ಅಂದಿನ ಗೈರು ಅನಧಿಕೃತವಾಗುತ್ತದೆ.

ಲೆಕ್ಕ ಮೊದಲೇ ಹಾಕಿಕೊಳ್ಳಿ. ತಿಂಗಳಿಗೆ ಒಟ್ಟು 48,000 ರೂಪಾಯಿ ಸಂಬಳವಿದ್ದರೆ 30 ದಿನದ ತಿಂಗಳಲ್ಲಿ ಒಂದು ದಿನದ ಕಡಿತ 1,600. ಹಣ ದೊಡ್ಡದಲ್ಲ. ಖಾಯಂಪೂರ್ವ ಅವಧಿಯಲ್ಲಿರುವವರಿಗೆ ಮಾತ್ರ ಒಂದು ಅನಧಿಕೃತ ಗೈರು, ಒಂದು ಕಾರಣ ಕೇಳಿ ನೋಟಿಸ್ ಎಂದರೂ ಸೇವಾವಧಿ ಘೋಷಣೆಯ ಕಡತದಲ್ಲಿ ಕೊಕ್ಕೆಯಾಗಿ ಕೂರುತ್ತದೆ. ಆ ಎರಡು ವರ್ಷ ರಜಾದಿನದ ಕಾರ್ಯಕ್ರಮಗಳಿಗೆ ಹೋಗಿ, ಶಾಲಾ ದಿನದವನ್ನು ಹಿರಿಯರಿಗೆ ಬಿಡಿ ಎಂಬುದೇ ನಮ್ಮ ಸಲಹೆ. ವಿವೇಕವುಳ್ಳ ಪದಾಧಿಕಾರಿ ಇದಕ್ಕೆ ಬೇಸರಿಸುವುದಿಲ್ಲ. ರಾಜ್ಯ ಸಮ್ಮೇಳನ, ಶೈಕ್ಷಣಿಕ ಸಮಾವೇಶಗಳಿಗೆ ಒಒಡಿ (ರಜೆ ಕಳೆಯದೆ ಕರ್ತವ್ಯದ ಮೇಲೆಂದೇ ಎಣಿಸುವ) ಸೌಲಭ್ಯದ ಆದೇಶ ಬಂದಿದ್ದರೆ ಆದೇಶದ ಪ್ರತಿ, ಹಾಜರಾತಿ ಪ್ರಮಾಣಪತ್ರ ಎರಡನ್ನೂ ಶಾಲೆಯ ಕಡತಕ್ಕೆ ಕೊಡಿ. "ಒಒಡಿ ಆಗುತ್ತೆ" ಎಂಬ ಬಾಯಿಮಾತಿನ ಮೇಲೆ ಹೋದವರು ಕೊನೆಗೆ ಸಿಎಲ್ ಕಳೆದುಕೊಂಡಿದ್ದಾರೆ.

ಸಾಮಾಜಿಕ ಜಾಲತಾಣದ ಬಗ್ಗೆ ಒಂದೇ ಮಾತು. ಸರ್ಕಾರದ ಆದೇಶವನ್ನು ಟೀಕಿಸುವ ಹೇಳಿಕೆ ಸಂಘದ ಲೆಟರ್‌ಹೆಡ್ಡಿನಲ್ಲಿ ಹೋಗಲಿ. ಅದನ್ನೇ ನಿಮ್ಮ ಹೆಸರಿನ ಫೇಸ್‌ಬುಕ್ ಗೋಡೆಯಲ್ಲಿ ಬರೆದರೆ 2021ರ ನಡತೆ ನಿಯಮಗಳಿಗೆ ಉತ್ತರಿಸಬೇಕಾದವರು ನೀವು, ಸಂಘವಲ್ಲ.

ಸಂಘ ಮಾತಾಡುತ್ತಿರುವಾಗಲೂ ಗಡುವು ಓಡುತ್ತಿರುತ್ತದೆ

ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ. "ಸಾಹೇಬರ ಹತ್ರ ಮಾತಾಡಿದೀನಿ, ಆಗುತ್ತೆ, ಸ್ವಲ್ಪ ತಡೀರಿ" ಎಂಬ ಭರವಸೆಯಲ್ಲಿ ಶಿಕ್ಷಕರು ಕಳೆದುಕೊಂಡಷ್ಟು ಬೇರಾವುದರಲ್ಲೂ ಕಳೆದುಕೊಂಡಿಲ್ಲ. ಪದಾಧಿಕಾರಿ ಸುಳ್ಳು ಹೇಳಿರುವುದಿಲ್ಲ, ಮಾತಾಡಿರುತ್ತಾರೆ. ಆದರೆ ಆ ಮಾತಿನಿಂದ ಯಾವ ಕಾಲಮಿತಿಯೂ ನಿಲ್ಲುವುದಿಲ್ಲ.

ಸರ್ಕಾರಿ ಶಿಕ್ಷಕರ ಸೇವಾ ವಿವಾದ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಬೆಂಗಳೂರಿನಲ್ಲೂ ಬೆಳಗಾವಿ, ಕಲಬುರಗಿಗಳಲ್ಲೂ ಪೀಠಗಳಿವೆ. ಅಂತಿಮ ಆದೇಶ ಬಂದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂದು 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 21ನೇ ಪ್ರಕರಣ ಹೇಳುತ್ತದೆ. ಮೇಲ್ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದಲ್ಲಿಂದ ಒಂದು ವರ್ಷ. ಒಂದರ ಮೇಲೊಂದು ಮನವಿ ಕೊಡುತ್ತ ಹೋದರೆ ಗಡುವು ಹಿಗ್ಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿಯಾಗಿದೆ. ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿಗೆ, ಹೆಚ್ಚುವರಿ ಶಿಕ್ಷಕರ ಪಟ್ಟಿಗೆ ಆಕ್ಷೇಪಣೆ ಸಲ್ಲಿಸಲು ಸಿಗುವ ಸಮಯವಂತೂ ದಿನಗಳ ಲೆಕ್ಕದ್ದು.

ಆದ್ದರಿಂದ ಕ್ರಮ ಇದು: ಮೊದಲು ನಿಮ್ಮ ಹೆಸರಿನಲ್ಲಿ, ಸೂಕ್ತ ಮಾರ್ಗದ ಮೂಲಕ, ಲಿಖಿತ ಆಕ್ಷೇಪಣೆ. ಟಪಾಲು ಶಾಖೆಯಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಆ ಪ್ರತಿಯನ್ನು ಸಂಘಕ್ಕೆ ಕೊಟ್ಟು "ಇದರ ಬೆನ್ನು ಹತ್ತಿ" ಎನ್ನಿ. ಕಾಲಮಿತಿಯ ಕೊನೆಯ ದಿನವನ್ನು ನಿಮ್ಮ ಡೈರಿಯಲ್ಲಿ ಬರೆಯಿರಿ. ಅದಕ್ಕೆ ಎರಡು ತಿಂಗಳು ಮುಂಚೆ ಸಂಘದಿಂದ ಲಿಖಿತ ಉತ್ತರ ಬರದಿದ್ದರೆ ವಕೀಲರನ್ನು ನೋಡಿ.

ದೋಷಾರೋಪಣಾ ಪಟ್ಟಿ ಬಂದರೆ ಸಂಘ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಇಲಾಖಾ ವಿಚಾರಣೆಯಲ್ಲಿ ಮತ್ತೊಬ್ಬ ಸರ್ಕಾರಿ ನೌಕರರ ನೆರವು ಪಡೆಯಲು ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು ಅವಕಾಶ ಕೊಡುತ್ತವೆ, ವಕೀಲರನ್ನು ಕರೆತರಲು ಸಾಮಾನ್ಯವಾಗಿ ಕೊಡುವುದಿಲ್ಲ. ವಿಚಾರಣೆಗಳಲ್ಲಿ ಪಳಗಿದ ಹಿರಿಯ ಸದಸ್ಯರೊಬ್ಬರು ತಾಲ್ಲೂಕಿನಲ್ಲಿದ್ದಾರೆಯೆ ಎಂದು ಸೇರುವ ಮೊದಲೇ ವಿಚಾರಿಸಿ. ಅಂಥವರು ಇದ್ದರೆ ಅದೊಂದೇ ಚಂದಾಕ್ಕೆ ಸಾಕು. ಲೈಂಗಿಕ ಕಿರುಕುಳದ ದೂರು ಮಾತ್ರ ಸಂಘದ "ರಾಜಿ ಪಂಚಾಯಿತಿ"ಗೆ ಹೋಗಬಾರದು. ಅದು 2013ರ ಕಾಯ್ದೆಯ ಆಂತರಿಕ ಸಮಿತಿಗೆ, ಇಲ್ಲವೆ ಜಿಲ್ಲೆಯ ಸ್ಥಳೀಯ ಸಮಿತಿಗೆ, ಘಟನೆ ನಡೆದ ಮೂರು ತಿಂಗಳೊಳಗೆ.

ಸಂಘ ಕೋರ್ಟಿಗೆ ಹೋಗುತ್ತೇವೆಂದು ತಲೆಗೆ ಇಷ್ಟು ಹಣ ಎತ್ತಿದರೆ ಅರ್ಜಿ ಸಂಘದ ಹೆಸರಿನಲ್ಲೋ ವ್ಯಕ್ತಿಗಳ ಹೆಸರಿನಲ್ಲೋ ಎಂದು ಕೇಳಿ. ಎಷ್ಟೋ ಸೇವಾ ಪ್ರಕರಣಗಳಲ್ಲಿ ಇಲಾಖೆ ಆದೇಶವನ್ನು "ಅರ್ಜಿದಾರರಿಗೆ ಮಾತ್ರ" ಜಾರಿ ಮಾಡುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರು ಹಣ ಕೊಟ್ಟೂ ಹೊರಗೆ. ರಸೀದಿ, ಪ್ರಕರಣದ ಸಂಖ್ಯೆ, ಅರ್ಜಿದಾರರ ಪಟ್ಟಿಯ ಪುಟ, ಈ ಮೂರು ಕೈಗೆ ಬರಬೇಕು. ಸಂಖ್ಯೆ ಸಿಕ್ಕರೆ ಪ್ರಕರಣದ ಸ್ಥಿತಿಯನ್ನು ನೀವೇ ಆನ್‌ಲೈನ್‌ನಲ್ಲಿ ನೋಡಬಹುದು.

ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ವಿಚಾರವನ್ನೂ ಇದೇ ಕಣ್ಣಿನಿಂದ ನೋಡಿ. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ತೇರ್ಗಡೆಯಾಗಬೇಕೆಂದಿತು; ಐದು ವರ್ಷಕ್ಕಿಂತ ಕಡಿಮೆ ಉಳಿದವರು ಕೆಲಸದಲ್ಲಿ ಮುಂದುವರಿಯಬಹುದು, ಬಡ್ತಿಗೆ ಮಾತ್ರ ಟಿಇಟಿ ಬೇಕು. ಇದರ ವಿರುದ್ಧ ಸಂಘಗಳು ಹೋರಾಡಲಿ, ಹೋರಾಡಬೇಕು. ನೀವು ಅರ್ಜಿ ತುಂಬಿ, ಪುಸ್ತಕ ತೆಗೆಯಿರಿ.

ಅನುದಾನಿತ, ಅನುದಾನರಹಿತ ಶಾಲೆಯವರಿಗೆ

ಇಲ್ಲಿ ಪ್ರಶ್ನೆಯೇ ಬೇರೆ, ಏಕೆಂದರೆ ಎದುರಿಗಿರುವುದು ಆಡಳಿತ ಮಂಡಳಿ. ಮೊದಲು ನಿಮ್ಮ ಕೈಯಲ್ಲಿರುವ ಕಾನೂನು ತಿಳಿಯಿರಿ. ಕರ್ನಾಟಕ ಶಿಕ್ಷಣ ಅಧಿನಿಯಮ, 1983ರ 92ನೇ ಪ್ರಕರಣದ ಪ್ರಕಾರ ವಿಚಾರಣೆ ನಡೆಸದೆ ಶಿಕ್ಷಕರನ್ನು ವಜಾ ಮಾಡುವಂತಿಲ್ಲ. ವಜಾ, ತೆಗೆದುಹಾಕುವಿಕೆ, ಹಿಂಬಡ್ತಿಯ ವಿರುದ್ಧ 94ನೇ ಪ್ರಕರಣದಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಗಡುವು ಆದೇಶ ತಲುಪಿದ ಮೂರು ತಿಂಗಳು. ಕಾರ್ಮಿಕ ಇಲಾಖೆಗೆ ಹೋಗಿ ಕಾಲ ಕಳೆಯುವವರು ಬಹಳ. ಪಾಠ ಮಾಡುವವರು ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ "ಕಾರ್ಮಿಕ"ರಲ್ಲವೆಂದು 1988ರ ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅಲ್ಲಿ ಅಲೆಯುತ್ತಿರುವಾಗ ಮೂರು ತಿಂಗಳು ಮುಗಿದುಹೋಗುತ್ತದೆ. ಹಲವರಿಗೆ ವಜಾ ಆದೇಶವನ್ನೇ ಕೊಡುವುದಿಲ್ಲ, "ನಾಳೆಯಿಂದ ಬರಬೇಡಿ" ಎನ್ನುತ್ತಾರೆ. ಅಂದೇ ಇಮೇಲ್ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ "ಕೆಲಸಕ್ಕೆ ಬರಲು ಸಿದ್ಧಳಿದ್ದೇನೆ, ಗೇಟಿನಲ್ಲಿ ತಡೆದಿದ್ದಾರೆ" ಎಂದು ದಿನಾಂಕ ಸಹಿತ ಬರೆಯಿರಿ. ಖಾಲಿ ಹಾಳೆಯ ರಾಜೀನಾಮೆಗೆ ಸಹಿ ಹಾಕಬೇಡಿ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಸೇವಾ ಉಪಧನ, ಒಗ್ಗೂಡಿದ ಶಿಕ್ಷಕರು ಏನು ಸಾಧಿಸಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆ. ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಗಿ 2004ರಲ್ಲಿ ಸೋತಿತು. ಆದರೆ ಆ ತೀರ್ಪಿನಿಂದಲೇ ಸಂಸತ್ತು 2009ರಲ್ಲಿ ಗ್ರಾಚ್ಯುಟಿ ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಶಿಕ್ಷಕರನ್ನು ಒಳಗೆ ತಂದಿತು. ಖಾಸಗಿ ಶಾಲೆಗಳ ಒಕ್ಕೂಟ ಅದನ್ನು ಪ್ರಶ್ನಿಸಿ 2022ರಲ್ಲಿ ಸೋತಿತು. ಲೆಕ್ಕ ಸರಳ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 18,000 ರೂಪಾಯಿಗೆ 8 ವರ್ಷ ದುಡಿದವರಿಗೆ ಸುಮಾರು 83,077 ರೂಪಾಯಿ.

ಅನುದಾನರಹಿತ ಶಾಲೆಯಲ್ಲಿ ಸಂಘ ಕಟ್ಟಲು ಹೊರಟರೆ ಶಾಲೆಯೊಳಗೆ ಕಟ್ಟಬೇಡಿ. ಊರಿನ ನಾಲ್ಕಾರು ಶಾಲೆಗಳ ಏಳು ಜನ ಸೇರಿ ನೋಂದಾಯಿಸಿ. ಒಂದೇ ಶಾಲೆಯ ಸಂಘವನ್ನು ಮುರಿಯಲು ಇಬ್ಬರನ್ನು ತೆಗೆದರೆ ಸಾಕು. ಸದಸ್ಯರ ಪಟ್ಟಿ ಶಾಲೆಯ ಕಂಪ್ಯೂಟರಿನಲ್ಲಿ, ಶಾಲೆಯ ವಾಟ್ಸ್‌ಆಪ್ ಗುಂಪಿನಲ್ಲಿ ಇರಕೂಡದು. ನಿಮ್ಮ ಸದಸ್ಯತ್ವವನ್ನು ಆಡಳಿತ ಮಂಡಳಿಗೆ ತಿಳಿಸಬೇಕಾದ ಅಗತ್ಯವೂ ಇಲ್ಲ.

ಚುನಾವಣೆಯ ಗಾಳಿ

ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು. ಪ್ರೌಢಶಾಲೆ ಮತ್ತು ಅದಕ್ಕೆ ಮೇಲ್ಪಟ್ಟ ಸಂಸ್ಥೆಗಳಲ್ಲಿ ಹಿಂದಿನ ಆರು ವರ್ಷಗಳಲ್ಲಿ ಮೂರು ವರ್ಷ ಪಾಠ ಮಾಡಿದವರಿಗೆ ಮಾತ್ರ ಮತ. ಪ್ರಾಥಮಿಕ ಶಾಲೆಯವರಿಗೆ ಇಲ್ಲ. ಹೀಗಾಗಿ ಚುನಾವಣೆ ಹತ್ತಿರವಾದಾಗ ಪ್ರೌಢಶಾಲೆ, ಕಾಲೇಜುಗಳ ಕಡೆ ಹೊಸ ಸಂಘಗಳು, ಉಚಿತ ಡೈರಿಗಳು, ಔತಣಕೂಟಗಳು ಮೊಳೆಯುತ್ತವೆ. ಮತದಾರರ ಪಟ್ಟಿಯ ನಮೂನೆ 19ನ್ನು ತುಂಬಿಸುವ ನೆಪದಲ್ಲಿ ಸದಸ್ಯತ್ವ ನಮೂನೆಗೂ ಸಹಿ ಹಾಕಿಸಿಕೊಳ್ಳುತ್ತಾರೆ. ಡೈರಿ ಇಸಿದುಕೊಳ್ಳಿ, ಚಂದಾವನ್ನು ಚುನಾವಣೆ ಮುಗಿದು ಆರು ತಿಂಗಳಾದ ಮೇಲೆ ಯೋಚಿಸಿ.

ಸೇರುವುದು, ಬಿಡುವುದು

ಸೇರಲು ತೀರ್ಮಾನಿಸಿದರೆ ಮೊದಲ ವರ್ಷ ವಾರ್ಷಿಕ ಸದಸ್ಯತ್ವವನ್ನೇ ತೆಗೆದುಕೊಳ್ಳಿ, ಆಜೀವ ಬೇಡ. ನಗದು ಕೊಟ್ಟರೆ ಕ್ರಮಸಂಖ್ಯೆಯಿರುವ ರಸೀದಿ ಪಡೆಯಿರಿ. ವೈಯಕ್ತಿಕ ಫೋನ್‌ಪೇ ಸಂಖ್ಯೆಗೆ ಹಾಕಬೇಡಿ, ಸಂಘದ ಬ್ಯಾಂಕ್ ಖಾತೆಗೆ ಹಾಕಿ. ಸಂಬಳದಲ್ಲಿ ಕಡಿತವಾಗುವುದಾದರೆ ಒಪ್ಪಿಗೆ ಪತ್ರದಲ್ಲಿ ಮೊತ್ತ ಮತ್ತು ಅವಧಿ ಬರೆದಿರಬೇಕು. "ಸಂಘ ನಿರ್ಧರಿಸುವ ಮೊತ್ತ" ಎಂದಿದ್ದರೆ ಹೊಡೆದುಹಾಕಿ ಅಂಕಿ ಬರೆದು, ಪಕ್ಕದಲ್ಲಿ ಸಹಿ ಹಾಕಿ. ನೆರೆ, ಬರದಂಥ ಸಂದರ್ಭದಲ್ಲಿ ಸಂಘದ ಒಪ್ಪಿಗೆಯ ಮೇಲೆ ಎಲ್ಲರ ಒಂದು ದಿನದ ಸಂಬಳ ಪರಿಹಾರ ನಿಧಿಗೆ ಹೋಗುವುದುಂಟು. ಕೊಡಲು ಇಷ್ಟವಿಲ್ಲದವರಿಗೆ ಆದೇಶದಲ್ಲಿ ಅವಕಾಶವಿದೆಯೇ ಓದಿ, ಇದ್ದರೆ ಬಿಲ್ಲು ತಯಾರಾಗುವ ಮೊದಲೇ ವೇತನ ಬಟವಾಡೆ ಅಧಿಕಾರಿಗೆ ಬರೆದುಕೊಡಿ.

ಎರಡು ಸಂಘಗಳಲ್ಲಿ ಸದಸ್ಯತ್ವ ಇಟ್ಟುಕೊಳ್ಳಬಹುದೆ? ಬೈಲಾ ಅಡ್ಡಿ ಮಾಡದಿದ್ದರೆ ಧಾರಾಳವಾಗಿ. ವೃಂದದ ಸಂಘ ಒಂದು, ಎಲ್ಲ ನೌಕರರ ಸಂಘ ಒಂದು ಎಂಬುದು ಸರ್ಕಾರಿ ಶಾಲೆಯವರಿಗೆ ಹೊಂದುವ ಜೋಡಿ. ಮೂರನೆಯದು ಸಾಮಾನ್ಯವಾಗಿ ವಾಟ್ಸ್‌ಆಪ್ ಸಂದೇಶ ಹೆಚ್ಚಿಸುತ್ತದೆ, ಅಷ್ಟೇ.

ಬಿಡಬೇಕೆನಿಸಿದರೆ ಜಗಳ ಬೇಡ. ಕಾರ್ಯದರ್ಶಿಗೆ ಎರಡು ಸಾಲಿನ ರಾಜೀನಾಮೆ, ಅದರ ಪ್ರತಿಯೊಂದಿಗೆ ಬಟವಾಡೆ ಅಧಿಕಾರಿಗೆ ಕಡಿತ ನಿಲ್ಲಿಸುವ ಕೋರಿಕೆ. ಪ್ರಾಥಮಿಕ ಶಾಲೆಯವರಾದರೆ ಬಿಇಒ, ಪ್ರೌಢಶಾಲೆಯವರಾದರೆ ಮುಖ್ಯ ಶಿಕ್ಷಕರು. ತಿಂಗಳ ಬಿಲ್ಲು ಸರ್ಕಾರದ ವೇತನ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ಗೆ ಏರುವ ಮೊದಲು, ಅಂದರೆ ತಿಂಗಳ ಮೊದಲ ವಾರದಲ್ಲೇ ಕೊಡಿ. ವರ್ಗಾವಣೆಯಾದಾಗ ಕೊನೆಯ ವೇತನ ಪ್ರಮಾಣಪತ್ರದ ಜೊತೆ ಹಳೆಯ ಕಡಿತವೂ ಹೊಸ ತಾಲ್ಲೂಕಿಗೆ ಬಂದುಬಿಡುತ್ತದೆ. ಹೊಸ ಜಾಗದ ಮೊದಲ ಸಂಬಳದ ಚೀಟಿಯನ್ನು ಸಾಲುಸಾಲಾಗಿ ಓದಿ.